ಪಿತ್ತಕೋಶದೊಳಗೆ ರಕ್ತ ಸೋರಿದಾಗ: ಆಪರೇಷನ್, ಕಾಯ್ಲ್, ಟ್ಯೂಬ್ – ಯಾವುದು ಯಾರಿಗೆ?

ರಾತ್ರಿ ಹನ್ನೊಂದೂವರೆ ಹೊತ್ತಿಗೆ ತೀರ್ಥಹಳ್ಳಿ ಕಡೆಯವರೊಬ್ಬರು ತಮ್ಮ ಅಮ್ಮನನ್ನು ಕರೆದುಕೊಂಡು ಬಂದರು. ಅಮ್ಮನಿಗೆ 62 ವರ್ಷ. "ಡಾಕ್ಟ್ರೇ, ಮೂರು ದಿನದಿಂದ ಗ್ಯಾಸ್ಟ್ರಿಕ್. ಬಲಗಡೆ ಪಕ್ಕೆ ಕೆಳಗೆ ಹಿಡ್ಕೊಂಡಿದೆ. ಮೆಡಿಕಲ್‌ನಲ್ಲಿ ಕೊಟ್ಟ ನೋವಿನ ಮಾತ್ರೆ ನುಂಗಿಸಿದ್ವಿ, ಕಮ್ಮಿ ಆಗ್ಲಿಲ್ಲ" ಎಂದ ಮಗ. ಮಲ ಯಾವ ಬಣ್ಣದಲ್ಲಿ ಹೋಗುತ್ತಿದೆ ಎಂದು ಕೇಳಿದೆ. ಅಮ್ಮ ನಾಚಿಕೊಂಡು ಮುಖ ಆಚೆ ತಿರುಗಿಸಿದರು. ಸೊಸೆ ಮೆಲ್ಲಗೆ ಹೇಳಿದರು, "ಡಾಂಬರಿನ ಹಾಗೆ, ಸಾರ್." ಕೆಳರೆಪ್ಪೆ ಎಳೆದು ನೋಡಿದರೆ ಪೂರ್ತಿ ಬಿಳಿಚಿತ್ತು. ಕಣ್ಣಿನ ಬಿಳಿಯಲ್ಲಿ ತೆಳುವಾಗಿ ಹಳದಿ. ಮಗನ ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಕವರ್ ಇತ್ತು. ಅದರಿಂದ ರೇಷನ್ ಕಾರ್ಡ್ ತೆಗೆಯುವಾಗ ಒಂದು ಮಾತ್ರೆ ಸ್ಟ್ರಿಪ್ ಕೆಳಗೆ ಬಿತ್ತು. ಅಸಿಟ್ರಾಮ್, ರಕ್ತ ತೆಳು ಮಾಡುವ ಮಾತ್ರೆ. ಹನ್ನೆರಡು ವರ್ಷದ ಹಿಂದೆ ಹೃದಯದ ವಾಲ್ವ್ ಬದಲಾಯಿಸಿದ್ದರಂತೆ. ಮೂರು ದಿನದಲ್ಲಿ ಆ ಮಾತ್ರೆಯ ಬಗ್ಗೆ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಹಿಮೋಗ್ಲೋಬಿನ್ 7ರ ಹತ್ತಿರ ಇಳಿದಿತ್ತು. ರಕ್ತ ಹೆಪ್ಪುಗಟ್ಟುವ ಲೆಕ್ಕ ಹೇಳುವ ಐಎನ್ಆರ್, ಅವರ ವಾಲ್ವಿಗೆ 3ರ ಆಸುಪಾಸು ಇರಬೇಕು, 6 ದಾಟಿತ್ತು, ಅಂದರೆ ರಕ್ತ ತೀರಾ ತೆಳುವಾಗಿತ್ತು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶ ಊದಿಕೊಂಡು, ಕಲ್ಲಿನ ಜೊತೆ ಕೆಸರಿನಂಥದ್ದೇನೋ ತುಂಬಿಕೊಂಡಿತ್ತು.

ಬೆಳಗಾಗುವಷ್ಟರಲ್ಲಿ ಮಗನಿಗೆ ಮೂರು ಕಡೆಯಿಂದ ಮೂರು ಸಲಹೆ ಬಂದಿತ್ತು. ಒಬ್ಬ ನೆಂಟರು "ತಕ್ಷಣ ಆಪರೇಷನ್ ಮಾಡಿಸು" ಎಂದರು. ನರ್ಸ್ ಆಗಿರುವ ಅತ್ತೆ ಮಗಳು "ಆಪರೇಷನ್ ಬೇಡ, ಸೋರುವ ರಕ್ತನಾಳ ಮುಚ್ಚಲು ಕಾಯ್ಲ್, ಅಂದರೆ ಲೋಹದ ಸುರುಳಿ, ಹಾಕಿಸು" ಎಂದಳು. ಇನ್ನೊಬ್ಬ ಡಾಕ್ಟರು ಫೋನಿನಲ್ಲೇ "ಸದ್ಯಕ್ಕೆ ಒಂದು ಟ್ಯೂಬ್ ಹಾಕಿದರೆ ಸಾಕು" ಎಂದಿದ್ದರು. ಮೂವರು ಹೇಳಿದ ಚಿಕಿತ್ಸೆಯೂ ಇದೆ, ಮೂರೂ ಸರಿಯಾದವೇ. ಆದರೆ ಒಬ್ಬರಿಗೆ ಜೀವ ಉಳಿಸುವುದು ಇನ್ನೊಬ್ಬರ ಜೀವ ತೆಗೆಯಬಹುದು. ಸಹಿ ಹಾಕುವ ಮನೆಯವರಿಗೆ ಈ ವ್ಯತ್ಯಾಸ ಗೊತ್ತಿರಬೇಕು ಎನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಕ್ತ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಪಿತ್ತಕೋಶ ಅಂದರೆ ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಚಿಕ್ಕ ಚೀಲ. 30ರಿಂದ 50 ಎಂ.ಎಲ್. ಪಿತ್ತ ಹಿಡಿಯುತ್ತದೆ. ಕಲ್ಲು ಅದರ ಕುತ್ತಿಗೆಗೆ ಸಿಕ್ಕಿಕೊಂಡರೆ ಪಿತ್ತ ಹೊರಗೆ ಹೋಗಲಾಗದೆ ಚೀಲ ಬಿಗಿಯುತ್ತದೆ, ಊದುತ್ತದೆ, ಒಳಪದರ ಕೊಳೆಯಲು ಶುರುವಾಗುತ್ತದೆ. ಇದು ಉರಿಯೂತ. ಹೆಚ್ಚಿನವರಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ. ತೀರ ಕೆಲವರಲ್ಲಿ ಮಾತ್ರ ಆ ಕೊಳೆತ ಜಾಗದಿಂದ ರಕ್ತ ಒಸರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಡಯಾಲಿಸಿಸ್‌ನಲ್ಲಿರುವವರು, ಲಿವರ್ ಗಟ್ಟಿಯಾದವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ಹೊಟ್ಟೆಗೆ ಪೆಟ್ಟು ಬಿದ್ದವರು, ಪಿತ್ತಕೋಶದ ಕ್ಯಾನ್ಸರ್ ಇರುವವರು – ಇವರಲ್ಲಿ ಜಾಸ್ತಿ.

ಇನ್ನೊಂದು ದಾರಿಯೂ ಇದೆ. ಪಿತ್ತಕೋಶಕ್ಕೆ ರಕ್ತ ಕೊಡುವುದು ಸಿಸ್ಟಿಕ್ ಆರ್ಟರಿ ಎಂಬ ಸಣ್ಣ ನಾಳ. ಪಕ್ಕದ ಉರಿಯೂತ ಅದರ ಗೋಡೆಯನ್ನು ಕೊರೆದರೆ ಅಲ್ಲೊಂದು ಗುಳ್ಳೆ ಏಳುತ್ತದೆ. ಸವೆದ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುತ್ತದಲ್ಲ, ಹಾಗೆ. ಆದರೆ ಈ ಗುಳ್ಳೆಗೆ ನಾಳದ ನಿಜವಾದ ಗೋಡೆ ಇರುವುದಿಲ್ಲ, ಸುತ್ತಲಿನ ಮಾಂಸವೇ ರಕ್ತವನ್ನು ತಡೆದು ನಿಲ್ಲಿಸಿರುತ್ತದೆ. ನಾವು ಇದನ್ನು ಸ್ಯೂಡೋ ಅನ್ಯೂರಿಸಂ ಎನ್ನುತ್ತೇವೆ. ಯಾವ ಕ್ಷಣದಲ್ಲಿ ಬೇಕಾದರೂ ಒಡೆಯಬಹುದು.

ಸೋರಿದ ರಕ್ತ ಚೀಲದೊಳಗೇ ಗಡ್ಡೆ ಕಟ್ಟಿ ಕೂರಬಹುದು. ಪಿತ್ತನಾಳದಲ್ಲಿ ಇಳಿದು ಕರುಳು ಸೇರಬಹುದು. ಆಗ ಮಲ ಕಪ್ಪಗಾಗುತ್ತದೆ, ಇಲ್ಲವೇ ವಾಂತಿಯಲ್ಲಿ ರಕ್ತ ಬರುತ್ತದೆ. ಗಡ್ಡೆ ಪಿತ್ತನಾಳವನ್ನು ಮುಚ್ಚಿದರೆ ಕಾಮಾಲೆ. ಚೀಲವೇ ತೂತಾದರೆ ರಕ್ತವೂ ಪಿತ್ತವೂ ಹೊಟ್ಟೆಯೊಳಗೆ ಚೆಲ್ಲುತ್ತವೆ. ಈ ಕೊನೆಯದು ಎಲ್ಲಕ್ಕಿಂತ ಭಯಂಕರ.

ಪಿತ್ತದ ದಾರಿಯಲ್ಲಿ ರಕ್ತ ಬರುವುದನ್ನು ಫ್ರಾನ್ಸಿಸ್ ಗ್ಲಿಸನ್ 1654ರಲ್ಲೇ ಬರೆದಿಟ್ಟಿದ್ದಾರೆ. 1871ರಲ್ಲಿ ಹೈನ್ರಿಶ್ ಕ್ವಿಂಕೆ ಮೂರು ಲಕ್ಷಣ ಜೋಡಿಸಿದರು: ಬಲಗಡೆ ಹೊಟ್ಟೆನೋವು, ಕಾಮಾಲೆ, ಕರುಳಲ್ಲಿ ರಕ್ತ. ಪುಸ್ತಕದಲ್ಲಿ ಇದು ಚೆನ್ನಾಗಿದೆ. ಆದರೆ ಮೂರೂ ಒಟ್ಟಿಗೆ ಕಾಣಿಸುವುದು ಮೂವರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳಲ್ಲಿ. ಹಾಗಾಗಿ ಎರಡು ಕಂಡರೂ ಅನುಮಾನ ಬರಬೇಕು.

ಆಯ್ಕೆಗೆ ಮೊದಲು ಕೇಳಬೇಕಾದ್ದು

ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಬಿಪಿ ನಿಂತಿದೆಯಾ, ಬೀಳ್ತಾ ಇದೆಯಾ? ರಕ್ತ ಸೋರುವ ಜಾಗ ಕಣ್ಣಿಗೆ ಕಂಡಿದೆಯಾ? ಈ ದೇಹ ಅರಿವಳಿಕೆಯನ್ನು ತಡೆಯುತ್ತದಾ? ಆಪರೇಷನ್, ಕಾಯ್ಲ್, ಟ್ಯೂಬ್ ಎಂಬ ಜಗಳವೆಲ್ಲ ಇವು ಮೂರಕ್ಕೆ ಉತ್ತರ ಸಿಕ್ಕ ಮೇಲಿನದ್ದು.

ಎರಡನೇ ಪ್ರಶ್ನೆಗೆ ಉತ್ತರ ಕೊಡುವುದು ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್. ಸಾಮಾನ್ಯ ಹೊಟ್ಟೆ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಇಲ್ಲಿ ದಾರಿ ತಪ್ಪಿಸುತ್ತದೆ. ಹೆಪ್ಪುಗಟ್ಟಿದ ರಕ್ತ ಅದರಲ್ಲಿ ಪಿತ್ತದ ಕೆಸರಿನ ಹಾಗೆ ಅಥವಾ ಕ್ಯಾನ್ಸರ್ ಗಡ್ಡೆಯ ಹಾಗೆ ಕಾಣುತ್ತದೆ. ಎಷ್ಟೋ ರಿಪೋರ್ಟಿನಲ್ಲಿ "ಕಲ್ಲು, ಕೆಸರು" ಎಂದಷ್ಟೇ ಬರೆದಿರುತ್ತದೆ, ಮನೆಯವರೂ ನಿರಾಳವಾಗುತ್ತಾರೆ. ಸಿಟಿಯಲ್ಲಿ ಪಿತ್ತ ಕಪ್ಪಗೆ, ಹೊಸ ರಕ್ತ ಬೆಳ್ಳಗೆ. ನಾಳ ಎದ್ದು ಕಾಣಿಸುವ ಡೈ ಎಂಬ ದ್ರವವನ್ನು ರಕ್ತಕ್ಕೆ ಕೊಟ್ಟು, ಅದು ಅಪಧಮನಿಯಲ್ಲಿ ಹರಿಯುವ ಹೊತ್ತಿಗೇ ಚಿತ್ರ ತೆಗೆದರೆ ನಿಮಿಷಕ್ಕೆ ಅರ್ಧ ಎಂ.ಎಲ್. ಆಸುಪಾಸಿನ ಸೋರಿಕೆಯೂ ಸಿಕ್ಕಿಬೀಳುತ್ತದೆ. ಗುಳ್ಳೆ ಇದ್ದರೆ ಬಟಾಣಿ ಕಾಳಿನ ಹಾಗೆ ಹೊಳೆಯುತ್ತದೆ. ಒಂದು ಎಚ್ಚರಿಕೆ: ಈ ರಕ್ತಸ್ರಾವ ನಿಂತು ನಿಂತು ಬರುತ್ತದೆ. ನಿಂತಿದ್ದಾಗ ಸಿಟಿ ತೆಗೆದರೆ ಏನೂ ಕಾಣದಿರಬಹುದು. "ಸಿಟಿ ನಾರ್ಮಲ್" ಎಂಬ ಒಂದೇ ಮಾತು ನಂಬಿ ಮನೆಗೆ ಹೊರಡಬೇಡಿ.

ಕಿಡ್ನಿ ಸರಿ ಇಲ್ಲದವರಿಗೆ ಡೈ ಕೊಡಲು ಎಲ್ಲರೂ ಹಿಂಜರಿಯುತ್ತಾರೆ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಬೇಕು, ನಿಜ. ಆದರೆ ರಕ್ತ ಸುರಿಯುತ್ತಿರುವಾಗ ಕಿಡ್ನಿಗೆ ನಿಜವಾದ ಅಪಾಯ ಕಡಿಮೆ ಬಿಪಿಯದ್ದು. ಆ ಹೊತ್ತಿನಲ್ಲಿ ನಾನು ಡೈ ಕೊಟ್ಟು ನೋಡುವ ಪಕ್ಷದವನು.

ರಕ್ತ ತೆಳು ಮಾಡುವ ಮಾತ್ರೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ತಪ್ಪಿದರೆ ಮುಂದಿನ ಯಾವ ಆಯ್ಕೆಯೂ ಕೈ ಹಿಡಿಯುವುದಿಲ್ಲ. ಅಸಿಟ್ರಾಮ್, ವಾರ್ಫರಿನ್ ಗುಂಪಿಗೆ ವಿಟಮಿನ್ ಕೆ ಇಂಜೆಕ್ಷನ್ ಇದೆ, ಆದರೆ ಕೆಲಸ ಶುರು ಮಾಡಲು ಗಂಟೆಗಟ್ಟಲೆ ಬೇಕು. ಪ್ಲಾಸ್ಮಾ ಕೊಡಬಹುದು. ಕೆ.ಜಿ.ಗೆ 10ರಿಂದ 15 ಎಂ.ಎಲ್. ಲೆಕ್ಕದಲ್ಲಿ 60 ಕೆ.ಜಿ. ತೂಗುವವರಿಗೆ 600ರಿಂದ 900 ಎಂ.ಎಲ್. ಆಗುತ್ತದೆ. ದುರ್ಬಲ ಹೃದಯಕ್ಕೆ ಅಷ್ಟು ನೀರು ಹೊರೆ. ಪಿಸಿಸಿ ಎಂಬ ಪುಡಿ ಔಷಧ ಸಣ್ಣ ಪ್ರಮಾಣದಲ್ಲೇ ಕೆಲವು ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ಡಾಬಿಗಾಟ್ರಾನ್‌ಗೆ ಬೇರೆಯೇ ಪ್ರತಿಮದ್ದು ಇದೆ. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್‌ಗೆ ನೇರ ಪ್ರತಿಮದ್ದು ಇಲ್ಲ. ಅವುಗಳ ಪರಿಣಾಮ ಪೂರ್ತಿ ಹೋಗಲು ವಾರದಿಂದ ಹತ್ತು ದಿನ ಬೇಕು. ಡಯಾಲಿಸಿಸ್ ಮಾಡುವಾಗಲೂ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ಔಷಧ ಕೊಡುತ್ತಾರೆ, ಅಂಥವರಾದರೆ "ಹೆಪಾರಿನ್ ಇಲ್ಲದೆ ಡಯಾಲಿಸಿಸ್ ಮಾಡಿ" ಎಂದು ಬಾಯಿಬಿಟ್ಟು ಹೇಳಿ.

ಹಾಗಂತ ಲೋಹದ ವಾಲ್ವ್ ಇರುವವರಿಗೆ ಮಾತ್ರೆ ನಿಲ್ಲಿಸುವುದು ಸುಲಭದ ಮಾತಲ್ಲ. ವಾಲ್ವಿನ ಮೇಲೆ ಹೆಪ್ಪುಗಟ್ಟಿದರೆ ಲಕ್ವ ಹೊಡೆಯಬಹುದು. ಅದಕ್ಕೆ ಹೃದಯದ ಡಾಕ್ಟರನ್ನು ಮೊದಲ ಗಂಟೆಯಲ್ಲೇ ಕರೆಯಬೇಕು.

ಪಿತ್ತಕೋಶವನ್ನೇ ತೆಗೆದುಬಿಡುವುದು

ಸೋರುತ್ತಿರುವ ಚೀಲವೇ ಹೊರಗೆ ಬಂದರೆ ರಕ್ತವೂ ನಿಂತಿತು, ಸೋಂಕೂ ಹೋಯಿತು, ಕಲ್ಲೂ ಹೋಯಿತು. ಒಂದೇ ಏಟಿಗೆ ಮೂರೂ ಮುಗಿಯುವ ದಾರಿ ಇದೊಂದೇ. ದೇಹ ತಡೆಯುವಂತಿದ್ದರೆ ನಾನು ಇದರ ಪರ. ಕಾರ್ಲ್ ಲಾಂಗೆನ್‌ಬುಕ್ 1882ರಲ್ಲಿ ಬರ್ಲಿನ್‌ನಲ್ಲಿ ಮೊದಲ ಬಾರಿ ಪಿತ್ತಕೋಶ ತೆಗೆದಾಗ ಹೇಳಿದ ತರ್ಕವೂ ಇದೇ: ಕಲ್ಲು ಇದೆ ಎಂದಷ್ಟೇ ಅಲ್ಲ, ಕಲ್ಲು ಹುಟ್ಟಿಸುವ ಚೀಲ ಇದು, ಅದಕ್ಕೇ ತೆಗೆಯಬೇಕು.

ಈಗ ಇದು ಹೆಚ್ಚಾಗಿ ಲ್ಯಾಪ್ರೋಸ್ಕೋಪಿಯಲ್ಲಿ ಆಗುತ್ತದೆ. ನಾಲ್ಕು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ. 1985ರಲ್ಲಿ ಜರ್ಮನಿಯ ಎರಿಶ್ ಮ್ಯೂಹೆ ಶುರು ಮಾಡಿದ್ದು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್‌ಟನ್ ಉದ್ವಾಡಿಯಾ ಮಾಡಿ ತೋರಿಸಿದರು. ರಕ್ತ ಸೋರದ ಸಾಮಾನ್ಯ ಉರಿಯೂತಕ್ಕೆ ಇದನ್ನು ಬೇಗ ಮಾಡಿದಷ್ಟು ಒಳ್ಳೆಯದು. ತುರ್ತು ಶಸ್ತ್ರಚಿಕಿತ್ಸಕರ ಜಾಗತಿಕ ಸಂಘ 2020ರಲ್ಲಿ ಕೊಟ್ಟ ಸಲಹೆಯೂ ಅದೇ: ಆಸ್ಪತ್ರೆಗೆ ಸೇರಿದ 7 ದಿನದೊಳಗೆ, ನೋವು ಶುರುವಾದ 10 ದಿನದೊಳಗೆ. "ಉರಿಯೂತ ಇಳೀಲಿ, ಆರು ವಾರ ಬಿಟ್ಟು ಬನ್ನಿ" ಎಂದು ಸುಮ್ನೆ ಮುಂದೂಡುವ ಹಳೆಯ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಆ ಆರು ವಾರದಲ್ಲೇ ಮತ್ತೆ ನೋವು ಬಂದು ಒದ್ದಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ರಕ್ತ ಸೋರುವ ಪಿತ್ತಕೋಶದಲ್ಲಿ ಲ್ಯಾಪ್ರೋಸ್ಕೋಪಿಗೆ ಒಂದು ಕಷ್ಟ ಇದೆ. ಕ್ಯಾಮೆರಾದ ಮುಂದೆ ರಕ್ತ ಬಂದರೆ ಇಡೀ ಪರದೆ ಕೆಂಪು. ನಾವು ಕತ್ತರಿಸಬೇಕಾದ ಎರಡು ನಾಳಗಳು, ಅಂದರೆ ಪಿತ್ತ ಹೊರಬರುವ ಸಿಸ್ಟಿಕ್ ನಾಳ ಮತ್ತು ರಕ್ತ ಕೊಡುವ ಸಿಸ್ಟಿಕ್ ಆರ್ಟರಿ, ಒಂದು ಪುಟ್ಟ ತ್ರಿಕೋನದಲ್ಲಿ ಇರುತ್ತವೆ. ಪಕ್ಕದಲ್ಲೇ ಮುಖ್ಯ ಪಿತ್ತನಾಳ. ಎರಡೇ ಎರಡು ನಾಳ ಚೀಲದೊಳಗೆ ಹೋಗುವುದು ಸ್ಪಷ್ಟವಾಗಿ ಕಂಡ ಮೇಲೆ ಮಾತ್ರ ಕ್ಲಿಪ್ ಹಾಕಬೇಕು ಎನ್ನುವುದು 1995ರಿಂದ ಬಂದಿರುವ ನಿಯಮ. ಕಾಣದಿದ್ದರೂ ಊಹೆ ಮೇಲೆ ಕ್ಲಿಪ್ ಹಾಕಿದರೆ ಮುಖ್ಯ ಪಿತ್ತನಾಳ ತುಂಡಾಗಬಹುದು. ಸಾಮಾನ್ಯ ಲ್ಯಾಪ್ರೋಸ್ಕೋಪಿಯಲ್ಲೂ ಸಾವಿರದಲ್ಲಿ ಮೂರರಿಂದ ಐದು ಜನರಿಗೆ ಹೀಗಾಗುತ್ತದೆ ಎನ್ನುವ ಲೆಕ್ಕ ಇದೆ. ಉರಿಯೂತ, ರಕ್ತ ಸೇರಿದರೆ ಅಪಾಯ ಇನ್ನೂ ಜಾಸ್ತಿ.

ಆದ್ದರಿಂದ "ತೂತು ಹಾಕಿ ಶುರು ಮಾಡುತ್ತೇವೆ, ಬೇಕಾದರೆ ಕೊಯ್ಯುತ್ತೇವೆ" ಎಂದು ಸರ್ಜನ್ ಹೇಳಿದರೆ ಅದು ಒಳ್ಳೆಯ ಸರ್ಜನ್ನಿನ ಮಾತು. ಕೊಯ್ದದ್ದಕ್ಕೆ ಆಪರೇಷನ್ ಕೆಟ್ಟಿತು ಎಂದು ಭಾವಿಸಬೇಡಿ. ಇನ್ನೊಂದು ದಾರಿ, ಚೀಲದ ಬಹುಭಾಗ ತೆಗೆದು ಕುತ್ತಿಗೆಯ ಹತ್ತಿರದ ತುಣುಕನ್ನು ಅಲ್ಲೇ ಬಿಡುವುದು. ಆಮೇಲೆ ಕೆಲ ದಿನ ಡ್ರೈನಿನಲ್ಲಿ, ಅಂದರೆ ಹೊಟ್ಟೆಯಿಂದ ಹೊರಗೆ ಬಿಟ್ಟ ಕೊಳವೆಯಲ್ಲಿ, ಪಿತ್ತ ಬರಬಹುದು. ಮುಖ್ಯ ಪಿತ್ತನಾಳ ಉಳಿಯುತ್ತದೆ ಅಲ್ವಾ, ಅದು ದೊಡ್ಡದು.

ನೇರವಾಗಿ ಹೊಟ್ಟೆ ಕೊಯ್ಯಲೇಬೇಕಾದ ಸಂದರ್ಭವೂ ಇದೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ 55ರ ಒಬ್ಬರು ಬಂದಾಗ ಬಿಪಿ 70. ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಸೂಜಿ ಚುಚ್ಚಿ ಎಳೆದರೆ ಸಿರಿಂಜ್ ತುಂಬ ಕಪ್ಪು ರಕ್ತ. ಸಿಟಿಗೆ ಕಳಿಸಲು ಸಮಯವಿರಲಿಲ್ಲ. ಕೊಯ್ದಾಗ ಮೊದಲು ಕಂಡದ್ದು ಬರೀ ಗಡ್ಡೆ ರಕ್ತ. ಎರಡೂ ಕೈಯಲ್ಲಿ ಬಾಚಿ ಬಾಚಿ ಬೇಸಿನ್ನಿಗೆ ಹಾಕಿದೆವು. ಯಕೃತ್ತಿಗೆ ಹೋಗುವ ನಾಳಗಳ ಕಟ್ಟನ್ನು ಎಡಗೈಯ ಎರಡು ಬೆರಳಲ್ಲಿ ಒತ್ತಿ ಹಿಡಿದ ಮೇಲೆ ಜಾಗ ಕಣ್ಣಿಗೆ ಬಿತ್ತು. ಗ್ಲಾಸ್ಗೋದ ಹೊಗಾರ್ತ್ ಪ್ರಿಂಗಲ್ 1908ರಲ್ಲಿ ಹೇಳಿಕೊಟ್ಟ ಉಪಾಯ ಅದು, ಇವತ್ತಿಗೂ ಅದಕ್ಕಿಂತ ಬೇಗ ಕೆಲಸ ಮಾಡುವುದು ಇನ್ನೊಂದಿಲ್ಲ. ಪಿತ್ತಕೋಶ ಒಂದು ದೊಡ್ಡ ಬದನೆಕಾಯಿಯಷ್ಟು ಊದಿ ಅದೇ ಬಣ್ಣಕ್ಕೆ ತಿರುಗಿತ್ತು, ತುದಿಯಲ್ಲಿ ಬೆರಳು ತೂರುವಷ್ಟು ತೂತು. ಒಳಗೆ ಹಲಸಿನ ಬೀಜದಷ್ಟು ಒಂದು ಕಲ್ಲು. ಬುಡ ಬಿಟ್ಟು ಮಿಕ್ಕದ್ದು ತೆಗೆದೆವು. ಒಂಬತ್ತು ದಿನ ಡ್ರೈನಿನಲ್ಲಿ ಪಿತ್ತ ಬಂತು, ಹತ್ತನೇ ದಿನ ನಿಂತಿತು. ಅವತ್ತು ಅವರನ್ನು ಕಾಯ್ಲ್ ಹಾಕಿಸಲೆಂದು ಆಂಬುಲೆನ್ಸ್ ಹತ್ತಿಸಿದ್ದರೆ ಊರ ಗಡಿ ದಾಟುತ್ತಿರಲಿಲ್ಲ.

ರಕ್ತನಾಳಕ್ಕೆ ಕಾಯ್ಲ್ ಹಾಕುವುದು

ತೊಡೆಯ ಅಥವಾ ಮುಂಗೈಯ ಅಪಧಮನಿಯಲ್ಲಿ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ನೋಡುತ್ತಾ ಯಕೃತ್ತಿನ ನಾಳದವರೆಗೆ ಹೋಗಿ, ಸೋರುವ ನಾಳದ ಬಾಯಲ್ಲಿ ಕೂದಲಿನಂಥ ಲೋಹದ ಸುರುಳಿ ಬಿಡುತ್ತಾರೆ. ಕೆಲವೊಮ್ಮೆ ಗೋಂದಿನಂಥ ಅಂಟು. ಆಂಜಿಯೋಗ್ರಾಂ ಮಾಡಿಸಿಕೊಂಡವರಿಗೆ ಮೊದಲರ್ಧ ಪರಿಚಿತವೇ. ಪೂರ್ತಿ ಅರಿವಳಿಕೆ ಬೇಡ, ಹೊಟ್ಟೆ ಕೊಯ್ಯುವಂತಿಲ್ಲ. ಸಿಟಿಯಲ್ಲಿ ಗುಳ್ಳೆ ಸ್ಪಷ್ಟವಾಗಿ ಕಂಡು, ರಕ್ತ ಕೊಟ್ಟ ಮೇಲೆ ಬಿಪಿ ನಿಂತಿರುವವರಿಗೆ ಇದರಷ್ಟು ಒಳ್ಳೆಯ ಮೊದಲ ಹೆಜ್ಜೆ ಇಲ್ಲ.

ಮೊದಲ ಹೆಜ್ಜೆ ಎಂದೆ. ಇದನ್ನು ಮನೆಯವರು ಮರೆಯುತ್ತಾರೆ. ಯಕೃತ್ತಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲಿನ ಹತ್ತಿರ ಕೊಡುವುದು ಪೋರ್ಟಲ್ ಅಭಿಧಮನಿ. ಹಾಗಾಗಿ ಒಂದು ಅಪಧಮನಿ ಮುಚ್ಚಿದರೂ ಯಕೃತ್ತು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಪಿತ್ತಕೋಶಕ್ಕೆ ಆ ಅನುಕೂಲ ಇಲ್ಲ. ಅದರ ಮುಖ್ಯ ನಾಳವನ್ನೇ ಮುಚ್ಚಿದರೆ ಗೋಡೆ ಸಾಯಬಹುದು. ಮೇಲಾಗಿ ಕಲ್ಲು ಅಲ್ಲೇ ಇದೆ, ಕೀವು ಅಲ್ಲೇ ಇದೆ. ರಕ್ತ ನಿಂತಿದೆ ಎಂದು ಮನೆಗೆ ಹೋಗುವುದಲ್ಲ. ದೇಹ ಸುಧಾರಿಸುತ್ತಿದ್ದಂತೆ, ಆದಷ್ಟೂ ಅದೇ ದಾಖಲಾತಿಯಲ್ಲಿ, ಪಿತ್ತಕೋಶ ತೆಗೆಸಬೇಕು. ಕಾಯ್ಲ್ ಹಾಕಿದ ಮೇಲೆ ಸರ್ಜನ್ನಿಗೂ ನೆಮ್ಮದಿ. ಕ್ಯಾಮೆರಾದ ಮುಂದೆ ರಕ್ತ ಚಿಮ್ಮುವ ಭಯ ಕಡಿಮೆ, ಲ್ಯಾಪ್ರೋಸ್ಕೋಪಿಯಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ.

ಸೋರಿಕೆ ಒಂದೇ ನಾಳದಿಂದ ಆಗದೆ ಕೊಳೆತ ಗೋಡೆಯ ಉದ್ದಗಲಕ್ಕೂ ಒಸರುತ್ತಿದ್ದರೆ ಕಾಯ್ಲ್‌ನವರಿಗೆ ಗುರಿಯೇ ಸಿಗುವುದಿಲ್ಲ. ಅಂಥವರಿಗೆ ಮಾತ್ರೆಯ ಪರಿಣಾಮ ಇಳಿಸಿ ಪಿತ್ತಕೋಶ ತೆಗೆಯುವುದೇ ದಾರಿ.

ಊರಿನ ಲೆಕ್ಕವೂ ಇಲ್ಲಿ ಮುಖ್ಯ. ಜಿಲ್ಲಾ ಕೇಂದ್ರಗಳಲ್ಲಿ ಈಗ ಹೃದಯದ ಕ್ಯಾತ್ ಲ್ಯಾಬ್ ಬಂದಿದೆ. ಯಂತ್ರ ಇದ್ದ ಮಾತ್ರಕ್ಕೆ ಆಗದು, ಹೊಟ್ಟೆಯ ನಾಳಗಳಲ್ಲಿ ಕೈ ಪಳಗಿದ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಬೇಕು. ಅವರು ಹೆಚ್ಚಾಗಿ ಬೆಂಗಳೂರು, ಮಂಗಳೂರು, ಮಣಿಪಾಲ, ಮೈಸೂರು, ಹುಬ್ಬಳ್ಳಿ, ಬೆಳಗಾವಿಯಂಥ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಮಲೆನಾಡಿನವರಿಗೆ ಅಂದರೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಆಗುಂಬೆ ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮಗೇ ಗೊತ್ತು. ರಕ್ತ ಕೊಟ್ಟ ಮೇಲೆ ಒಂದೆರಡು ಗಂಟೆ ಬಿಪಿ ತಾನಾಗಿ ನಿಂತರೆ ಮಾತ್ರ ಕಳಿಸುತ್ತೇನೆ. ಹೊರಡುವ ಮೊದಲು ಆ ಕಡೆಯ ಡಾಕ್ಟರ ಜೊತೆ ಮಾತಾಡಿ, ಸಿಟಿಯ ಸಿಡಿ, ಬ್ಲಡ್ ಗ್ರೂಪ್, ಐಎನ್ಆರ್, ಕೊನೆಯ ಮಾತ್ರೆ ನುಂಗಿದ ಹೊತ್ತು – ಎಲ್ಲ ಒಂದೇ ಕವರಿನಲ್ಲಿ ಕೊಟ್ಟು ಕಳಿಸುತ್ತೇನೆ. ರಕ್ತದ ಬಾಟಲಿ ಆಂಬುಲೆನ್ಸಿನಲ್ಲೇ ಇರಬೇಕು.

ಟ್ಯೂಬ್

ಸ್ಕ್ಯಾನಿಂಗ್ ನೋಡುತ್ತಾ ಪಕ್ಕೆಯ ಬಳಿ ಚುಚ್ಚಿ, ಯಕೃತ್ತಿನ ಮೂಲಕ ಪಿತ್ತಕೋಶಕ್ಕೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಟ್ಯೂಬ್ ಬಿಟ್ಟು ಕೀವು ಹೊರತೆಗೆಯುವುದು. ಜಾಗ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಅರಿವಳಿಕೆ ತಡೆಯದ ವಯಸ್ಸಾದವರಿಗೆ, ಬರೀ ಕೀವು ತುಂಬಿದ ಪಿತ್ತಕೋಶಕ್ಕೆ, ಇದು ಉಪಕಾರಿ.

ರಕ್ತ ಸೋರುವಾಗ ನನಗೆ ಇದರ ಮೇಲೆ ಭರವಸೆ ಕಡಿಮೆ. ಟ್ಯೂಬ್ ರಕ್ತ ನಿಲ್ಲಿಸುವುದಿಲ್ಲ. ಗಡ್ಡೆ ರಕ್ತ ಅದರೊಳಗೆ ಹಾದುಬರದೆ ಕಟ್ಟಿಕೊಳ್ಳುತ್ತದೆ. ಐಎನ್ಆರ್ ಏರಿರುವವರ ಯಕೃತ್ತನ್ನು ಚುಚ್ಚುವುದೇ ಇನ್ನೊಂದು ರಕ್ತಸ್ರಾವಕ್ಕೆ ದಾರಿ. ರಕ್ತವಿಲ್ಲದ ಉರಿಯೂತದಲ್ಲೂ ಟ್ಯೂಬ್ ನಾವು ಅಂದುಕೊಂಡಷ್ಟು ಸುರಕ್ಷಿತವಲ್ಲ. 2018ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನದಲ್ಲಿ ಅಪಾಯ ಹೆಚ್ಚಿರುವ 142 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಲ್ಯಾಪ್ರೋಸ್ಕೋಪಿ ಮಾಡಿಸಿಕೊಂಡವರಲ್ಲಿ ನೂರಕ್ಕೆ 12 ಮಂದಿಗೆ ದೊಡ್ಡ ತೊಡಕಾಯಿತು, ಟ್ಯೂಬ್ ಹಾಕಿದವರಲ್ಲಿ ನೂರಕ್ಕೆ 65 ಮಂದಿಗೆ. ಅಂತರ ಅಷ್ಟಿದ್ದದ್ದರಿಂದ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಅವರೆಲ್ಲ ಕಲ್ಲಿನ ಉರಿಯೂತದವರು, ರಕ್ತ ಸೋರುವವರ ಅಧ್ಯಯನ ಅದಲ್ಲ. ನಮ್ಮ ಈ ಅಪರೂಪದ ತೊಂದರೆಯಲ್ಲಿ ಅಂಥ ಹೋಲಿಕೆ ನಡೆದೇ ಇಲ್ಲ, ಇರುವುದು ಒಬ್ಬೊಬ್ಬ ರೋಗಿಯ ವರದಿಗಳು. ಆದರೂ "ಟ್ಯೂಬ್ ಅಂದರೆ ಚಿಕ್ಕದು, ಆದ್ದರಿಂದ ಸೇಫ್" ಎನ್ನುವವರು ಆ ಎರಡು ಅಂಕಿಗಳನ್ನು ನೋಡಬೇಕು.

ಯಾರಿಗೆ ಟ್ಯೂಬ್ ಹಾಕಿಸುತ್ತೇನೆ? ರಕ್ತ ನಿಂತಿದೆ ಅಥವಾ ಕಾಯ್ಲ್‌ನಿಂದ ನಿಲ್ಲಿಸಿ ಆಗಿದೆ, ಹೆಪ್ಪುಗಟ್ಟುವ ಲೆಕ್ಕ ಸರಿಯಾಗಿದೆ, ಆದರೆ ಜ್ವರ ಇಳಿಯುತ್ತಿಲ್ಲ, ಹೃದಯ ಅಥವಾ ಶ್ವಾಸಕೋಶ ಆಪರೇಷನ್ ತಡೆಯುವುದಿಲ್ಲ – ಇಂಥವರಿಗೆ. ಹಾಕಿದ ಮೇಲೆ ದಾರಿ ಗಟ್ಟಿಯಾಗಲು ಮೂರರಿಂದ ಆರು ವಾರ ಬಿಡಬೇಕು. ನಡುವೆ ಟ್ಯೂಬ್ ಎಳೆದುಹೋಗದ ಹಾಗೆ ಬನಿಯನ್ನಿಗೆ ಪಿನ್ ಹಾಕಿ ಕಟ್ಟಿಕೊಳ್ಳಿ. ಚೀಲದಲ್ಲಿ ಹಸಿರು-ಹಳದಿ ಬರುವ ಬದಲು ಕೆಂಪು ಬಂದರೆ ಅದೇ ದಿನ ಬನ್ನಿ.

ಇನ್ನೆರಡು ಮಾತು ಬೇಗ ಹೇಳುತ್ತೇನೆ. ಇಆರ್‌ಸಿಪಿ ಎಂದರೆ ಬಾಯಿಯಿಂದ ದುರ್ಬೀನು ಬಿಟ್ಟು ಪಿತ್ತನಾಳದ ಬಾಯಿ ಬಿಡಿಸುವುದು. ಗಡ್ಡೆ ರಕ್ತ ನಾಳದಲ್ಲಿ ಸಿಕ್ಕಿ ಕಾಮಾಲೆ ಏರುತ್ತಿದ್ದರೆ ಇದು ಬೇಕು. ರಕ್ತ ನಿಲ್ಲಿಸುವ ಚಿಕಿತ್ಸೆ ಇದಲ್ಲ. ಬರೀ ಔಷಧದಲ್ಲಿ ಕಾಯುವುದು, ಅಂದರೆ ಮಾತ್ರೆ ನಿಲ್ಲಿಸಿ, ಆ್ಯಂಟಿಬಯಾಟಿಕ್ ಕೊಟ್ಟು, ಹಿಮೋಗ್ಲೋಬಿನ್ ಎಣಿಸುತ್ತಾ ಕೂರುವುದು, ಆಪರೇಷನ್ ಸಾಧ್ಯವೇ ಇಲ್ಲದವರಿಗೆ ಮಾತ್ರ. ಅದೂ ಐಸಿಯುನಲ್ಲಿ, ಆರು ಗಂಟೆಗೊಮ್ಮೆ ಪರೀಕ್ಷೆ ಮಾಡುತ್ತಾ.

ಹಾಗಾದರೆ ನಿಮ್ಮವರಿಗೆ ಯಾವುದು

ಬಿಪಿ ಬಿದ್ದಿದೆ, ಹೊಟ್ಟೆಯಲ್ಲಿ ರಕ್ತ ತುಂಬಿದೆ: ಹತ್ತಿರದ ಆಪರೇಷನ್ ಥಿಯೇಟರೇ ಸರಿ, ಹೊಟ್ಟೆ ಕೊಯ್ದೇ ಮಾಡಲಿ. ಇಲ್ಲಿ "ದೊಡ್ಡ ಊರಿಗೆ ಹೋಗೋಣ" ಎಂದು ಹಟ ಹಿಡಿಯಬೇಡಿ.

ಬಿಪಿ ನಿಂತಿದೆ, ಸಿಟಿಯಲ್ಲಿ ಗುಳ್ಳೆ ಅಥವಾ ಡೈ ಚಿಮ್ಮುವುದು ಕಂಡಿದೆ: ಕಾಯ್ಲ್ ಮೊದಲು, ಪಿತ್ತಕೋಶ ಆಮೇಲೆ, ಎರಡೂ ಒಂದೇ ಆಸ್ಪತ್ರೆಯಲ್ಲಿ ಆಗುವ ಕಡೆ ಹೋಗಿ. ಬಿಪಿ ನಿಂತಿದೆ, ಗುರಿ ಕಂಡಿಲ್ಲ, ಚೀಲದ ತುಂಬ ರಕ್ತ ಇದೆ, ದೇಹ ತಕ್ಕಮಟ್ಟಿಗೆ ಗಟ್ಟಿ: ಮಾತ್ರೆಯ ಪರಿಣಾಮ ಇಳಿದ ಕೂಡಲೇ ಲ್ಯಾಪ್ರೋಸ್ಕೋಪಿ, ಕೊಯ್ಯಲೂ ಒಪ್ಪಿಗೆ ಕೊಟ್ಟು. ಲಿವರ್ ಪೂರ್ತಿ ಹಾಳಾಗಿ ಹೊಟ್ಟೆಯಲ್ಲಿ ನೀರು ತುಂಬಿರುವವರ ಲೆಕ್ಕವೇ ಬೇರೆ. ಅವರ ಪಿತ್ತಕೋಶದ ಸುತ್ತ ಅಭಿಧಮನಿಗಳು ಉಬ್ಬಿರುತ್ತವೆ, ಕತ್ತರಿ ಇಟ್ಟಲ್ಲೆಲ್ಲ ರಕ್ತ. ಅವರನ್ನು ಲಿವರ್ ತಂಡ ಇರುವ ಕಡೆಗೇ ಒಯ್ಯಬೇಕು.

ದುಡ್ಡಿನ ವಿಷಯ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ದಾಖಲಾದ ದಿನವೇ ಕಾಣಿ. ಕಾಯ್ಲ್ ಮತ್ತು ಆಪರೇಷನ್ ಎರಡಕ್ಕೂ ಒಪ್ಪಿಗೆ ಸಿಗುತ್ತದಾ ಎಂದು ಬೇರೆ ಬೇರೆಯಾಗಿ ಕೇಳಿ.

ಡಾಕ್ಟರನ್ನು ಕೇಳಲು ಹಿಂಜರಿಯಬೇಡಿ: ರಕ್ತ ಎಲ್ಲಿಂದ ಬರುತ್ತಿದೆ ಎಂದು ಕಂಡಿದೆಯಾ? ಈ ಚಿಕಿತ್ಸೆ ಸೋತರೆ ಮುಂದಿನದು ಇಲ್ಲೇ ಆಗುತ್ತದಾ? ಬ್ಲಡ್ ಬ್ಯಾಂಕಿನಲ್ಲಿ ಎಷ್ಟು ಬಾಟಲಿ ತೆಗೆದಿಟ್ಟಿದ್ದೀರಿ? ರಕ್ತ ತೆಳು ಮಾಡುವ ಮಾತ್ರೆ ಮತ್ತೆ ಯಾವತ್ತು ಶುರು? ಕೊನೆಯ ಪ್ರಶ್ನೆಗೆ ಉತ್ತರವನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೆ ತಾರೀಖಿನ ಜೊತೆ ಬರೆಸಿಕೊಳ್ಳಿ. ರಕ್ತ ನಿಂತಿತು ಎಂಬ ಸಂತೋಷದಲ್ಲಿ ಮಾತ್ರೆ ಮರೆತು, ತಿಂಗಳ ನಂತರ ಲಕ್ವ ಹೊಡೆದು ಬಂದವರಿದ್ದಾರೆ.

ಬಯಾಪ್ಸಿ ರಿಪೋರ್ಟನ್ನೂ ಬಿಡಬೇಡಿ. ಪಿತ್ತಕೋಶದ ಕ್ಯಾನ್ಸರ್ ಕೆಲವೊಮ್ಮೆ ಗಡ್ಡೆ ರಕ್ತದ ಮರೆಯಲ್ಲಿ ಅಡಗಿರುತ್ತದೆ, ಸಿಟಿಯಲ್ಲೂ ಎರಡೂ ಒಂದೇ ಥರ ಕಾಣಬಹುದು. ತೆಗೆದ ಪಿತ್ತಕೋಶ ಲ್ಯಾಬಿಗೆ ಹೋಯಿತಾ ಎಂದು ಕೇಳಿ, ರಿಪೋರ್ಟ್ ಕೈಗೆ ಬರುವವರೆಗೆ ಬೆನ್ನು ಹತ್ತಿ.

ತೀರ್ಥಹಳ್ಳಿಯ ಅಮ್ಮನಿಗೆ ಎರಡು ಬಾಟಲಿ ರಕ್ತ, ಪ್ಲಾಸ್ಮಾ, ಹೃದಯದ ಡಾಕ್ಟರ ಲೆಕ್ಕದಂತೆ ಸ್ವಲ್ಪವೇ ವಿಟಮಿನ್ ಕೆ ಕೊಟ್ಟ ಮೇಲೆ ಬಿಪಿ ನಿಂತಿತು. ಸಿಟಿಯಲ್ಲಿ ಸಿಸ್ಟಿಕ್ ಆರ್ಟರಿಯ ಮೇಲೆ 9 ಮಿಲಿಮೀಟರಿನ ಗುಳ್ಳೆ ಸಿಕ್ಕಿತು. ನಮ್ಮ ಕಿರಿಯ ಡಾಕ್ಟರೊಬ್ಬರು ಜೊತೆಗೆ ಹೋಗಿ ಘಾಟಿ ಇಳಿಸಿದರು. ಅವತ್ತೇ ಸಂಜೆ ಕಾಯ್ಲ್, ಮೂರನೇ ದಿನ ಲ್ಯಾಪ್ರೋಸ್ಕೋಪಿ. ಎರಡು ವಾರದ ಮೇಲೆ ಮಗ ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದ. ಒಂದು ಬಯಾಪ್ಸಿ ರಿಪೋರ್ಟ್, ಕ್ಯಾನ್ಸರ್ ಇಲ್ಲ. ಇನ್ನೊಂದರಲ್ಲಿ ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಪ್ರತಿ ದಿನದ ಚೌಕದಲ್ಲೂ ಅಮ್ಮ ಪೆನ್ಸಿಲಿನಲ್ಲಿ "ಅ" ಎಂದು ಬರೆದಿದ್ದರು, ಅಸಿಟ್ರಾಮ್ ನುಂಗಿದ್ದಕ್ಕೆ ಗುರುತು. ಐಎನ್ಆರ್ 2.9.